ಕಾಯುವವರ ನಗು

ಇಬ್ರಾಹಿಮಾ ಡಿಯೆಂಗ್ ಅಂತ ಒಬ್ಬ ನಡುವಯಸ್ಸಿನ ಮನುಷ್ಯ. ಊರು ಸೆನೆಗಲ್ ದೇಶದ ಡಾಕರ್. ಕೆಲಸ ಇಲ್ಲ. ಇಬ್ಬರು ಹೆಂಡಿರು, ಏಳು ಮಕ್ಕಳು. ಒಂದು ದಿನ ಪ್ಯಾರಿಸ್‌ನಿಂದ ಅವನ ಹೆಸರಿಗೆ 25,000 ಫ್ರಾಂಕ್ ಮನಿ ಆರ್ಡರ್ ಬರುತ್ತದೆ. ಕಳಿಸಿದವನು ಅಲ್ಲಿ ಬೀದಿ ಗುಡಿಸಿ ದುಡಿಯುವ ಸೋದರಳಿಯ. ಅದರಲ್ಲಿ 20,000 ತನಗಾಗಿ ಕೂಡಿಡಬೇಕು, 3,000 ತಾಯಿಗೆ ಕೊಡಬೇಕು, ಉಳಿದ 2,000 ಮಾಮನಿಗೆ ಅಂತ ಪತ್ರ ಬರೆದಿದ್ದಾನೆ. ಡಿಯೆಂಗ್‌ನ ಪಾಲು ಎರಡೇ ಸಾವಿರ. ಓಣಿಗೆ ಮುಟ್ಟುವ ಸುದ್ದಿ ಮಾತ್ರ ಪೂರ್ತಿ ಮೊತ್ತದ್ದು.

ಪೋಸ್ಟ್‌ಮ್ಯಾನ್ ಬಂದು ಹೋದದ್ದೇ ತಡ, ಹೆಂಡಿರು ಅಂಗಡಿಯಿಂದ ಉದ್ರಿ ಅಕ್ಕಿ ತರುತ್ತಾರೆ. ನೆರೆಯವರು ಒಬ್ಬೊಬ್ಬರಾಗಿ ಕೈಗಡ ಕೇಳಲು ಬರುತ್ತಾರೆ. ಡಿಯೆಂಗ್ ಚೆಂದದ ನಿಲುವಂಗಿ ತೊಟ್ಟು, ಗತ್ತಿನಿಂದ ಅಂಚೆ ಕಚೇರಿಗೆ ಹೋಗುತ್ತಾನೆ. ಗುರುತಿನ ಚೀಟಿ ಎಲ್ಲಿ ಅಂತ ಕೇಳುತ್ತಾರೆ. ಅವನ ಹತ್ತಿರ ಇಲ್ಲ. ಪೊಲೀಸ್ ಠಾಣೆಗೆ ಹೋದರೆ, ಚೀಟಿ ಬೇಕಾದರೆ ಜನನ ಪತ್ರ ತಾ, ಫೋಟೋ ತಾ, ಸ್ಟ್ಯಾಂಪ್ ತಾ ಅನ್ನುತ್ತಾರೆ. ಜನನ ಪತ್ರಕ್ಕೆ ನಗರಸಭೆಗೆ ಹೋಗುತ್ತಾನೆ. ಹುಟ್ಟಿದ ದಿನ ಯಾವುದು? ಅವನಿಗೆ ಗೊತ್ತಿಲ್ಲ. 1900ರ ಆಸುಪಾಸು. ಫೋಟೋ ತೆಗೆಯುವವನು ದುಡ್ಡು ಇಸಿದುಕೊಂಡು ಫೋಟೋ ಕೊಡುವುದಿಲ್ಲ. ಕೇಳಲು ಹೋದರೆ ಜಗಳ, ಮೂಗಿನಿಂದ ರಕ್ತ. ಹಣ ಇನ್ನೂ ಅಂಚೆ ಕಚೇರಿಯಲ್ಲೇ ಇದೆ. ಸಾಲ ಮಾತ್ರ ಮನೆಯಲ್ಲಿ ಬೆಳೆಯುತ್ತಿದೆ.

ಉಸ್ಮಾನ್ ಸೆಂಬೆನ್ 1968ರಲ್ಲಿ ಮಾಡಿದ ‘ಮಂಡಾಬಿ’ ಸಿನಿಮಾದ ಕಥೆ ಇದು. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಕೂತು ಇದನ್ನು ನೋಡುವಾಗ ಆಫ್ರಿಕಾ ದೂರ ಅಂತ ಅನ್ನಿಸಲೇ ಇಲ್ಲ. ಪಕ್ಕದಲ್ಲಿ ಅವ್ವ ಇದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಪರದೆಯ ಕೆಳಗೆ ಬರುವ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಂಚೆ ಕಚೇರಿಯ ದೃಶ್ಯದಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ಎಲ್ಲ ತಿಳಿದಿತ್ತು. “ಅಯ್ಯ ಪಾಪ, ಇಂವಗೂ ಆಧಾರ್ ಕಾರ್ಡ್ ಕೇಳಾಕತ್ತಾರೇನು?” ಅಂದಳು. ನಕ್ಕಳು. ಹುಟ್ಟಿದ ದಿನ ಕೇಳುವ ದೃಶ್ಯಕ್ಕೆ ಮಾತ್ರ ನಗಲಿಲ್ಲ. ನಮ್ಮ ಕಡೆ ಎಷ್ಟೋ ಹಿರಿಯರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ದಿನ ಅದು. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದೂ ಇಲ್ಲ. ಕಾರ್ಡ್ ಮಾಡುವವನು ಮುಖ ನೋಡಿ ಅಂದಾಜಿಗೆ ಬರೆದದ್ದೇ ಅವರ ವಯಸ್ಸು.

ಸೆಂಬೆನ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1923ರಲ್ಲಿ ಸೆನೆಗಲ್‌ನ ಜಿಗಿಂಶೋರ್‌ನಲ್ಲಿ ಹುಟ್ಟಿದವರು. ಫ್ರಾನ್ಸ್‌ನ ಮಾರ್ಸೇಲ್ ಬಂದರಿನಲ್ಲಿ ಹಮಾಲಿ ಕೆಲಸ ಮಾಡಿದರು. ಅಲ್ಲೇ ಫ್ರೆಂಚ್‌ನಲ್ಲಿ ಕಾದಂಬರಿ ಬರೆಯತೊಡಗಿದರು, ಹೆಸರೂ ಬಂತು. ಆದರೆ ತಾನು ಯಾರ ಕಥೆ ಬರೆಯುತ್ತಿದ್ದೇನೋ ಅವರೇ ಅದನ್ನು ಓದಲಾರರು ಎಂಬ ಕೊರಗು ಹೋಗಲಿಲ್ಲ. ಆ ಕೊರಗಿನಿಂದಲೇ ನಲವತ್ತರ ಹತ್ತಿರದ ವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. ತಮ್ಮದೇ ಸಣ್ಣ ಕಾದಂಬರಿಯನ್ನು ‘ಮಂಡಾಬಿ’ ಮಾಡುವಾಗ ತಮ್ಮ ಜನರ ವೊಲೊಫ್ ಭಾಷೆಯಲ್ಲೇ ಮಾತಾಡಿಸಿದರು. ವೊಲೊಫ್‌ನಲ್ಲಿ ಬಂದ ಮೊದಲ ಪೂರ್ಣ ಪ್ರಮಾಣದ ಸಿನಿಮಾ ಅದು.

ಈ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾಗುವುದು ಡಿಯೆಂಗ್‌ನನ್ನು ಸೆಂಬೆನ್ ಪಾಪದ ಪ್ರಾಣಿ ಮಾಡಲಿಲ್ಲ ಎಂಬುದು. ಮೊದಲ ದೃಶ್ಯದಲ್ಲಿ ಬಯಲಲ್ಲಿ ಕೂತ ಕ್ಷೌರಿಕ ಅವನ ಮೂಗಿನ ಹೊಳ್ಳೆಯೊಳಗೆ ಕತ್ತಿ ಆಡಿಸುತ್ತಾನೆ, ಇವನು ಅರಸನ ಹಾಗೆ ಮುಖ ಎತ್ತಿ ಕೂತಿರುತ್ತಾನೆ. ಮನೆಯಲ್ಲಿ ಹೆಂಡಿರ ಮೇಲೆ ದರ್ಪ. ಹೊಟ್ಟೆ ತುಂಬ ತಿಂದು ತೇಗುತ್ತಾನೆ. ಇದೇ ಮನುಷ್ಯ ಕಚೇರಿಯ ಕಿಟಕಿಯ ಮುಂದೆ ನಿಂತ ಕೂಡಲೇ ಸಣ್ಣವನಾಗಿಬಿಡುತ್ತಾನೆ. ಅವನ ದೊಡ್ಡಸ್ತಿಕೆಗೆ ನಕ್ಕವರು ಅವನ ಸಣ್ಣತನಕ್ಕೆ ಕರಗಬೇಕಾಗುತ್ತದೆ. ಕೊನೆಗೆ ಓದಿದ, ಕೋಟು ತೊಟ್ಟ ಸಂಬಂಧಿಕನೊಬ್ಬ “ನನ್ನ ಹೆಸರಿಗೆ ಅಧಿಕಾರ ಪತ್ರ ಬರೆದುಕೊಡಿ, ನಾನು ಬಿಡಿಸಿಕೊಡ್ತೀನಿ” ಅನ್ನುತ್ತಾನೆ. ಹಣ ಬಿಡಿಸುತ್ತಾನೆ. ಆಮೇಲೆ ಜೇಬುಗಳ್ಳರು ಹೊಡೆದುಕೊಂಡು ಹೋದರು ಅಂತ ಕಥೆ ಕಟ್ಟಿ, ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸುತ್ತಾನೆ. ಆ ಅಕ್ಕಿಯನ್ನು ಡಿಯೆಂಗ್ ಮನೆ ಮುಂದೆ ಸುರಿದು ಓಣಿಯವರಿಗೆ ಹಂಚಿಬಿಡುತ್ತಾನೆ.

ಕಡಿಮೆ ಜನ ನೋಡಿದ ಇಂಥ ಹಾಸ್ಯ ಸಿನಿಮಾಗಳನ್ನು ಹುಡುಕಿ ನೋಡುತ್ತಾ ನನಗೆ ಒಂದು ಸಂಗತಿ ಹೊಳೆದಿದೆ. ಜಗತ್ತಿನ ಒಳ್ಳೆಯ ವಿಡಂಬನೆಗಳಲ್ಲಿ ಬಹಳಷ್ಟು ಕಾಯುವವರ ಕಥೆಗಳು. ಒಬ್ಬ ಹಣಕ್ಕೆ ಕಾಯುತ್ತಾನೆ, ಒಬ್ಬಳು ಪಿಂಚಣಿಗೆ ಕಾಯುತ್ತಾಳೆ, ಒಂದು ಊರಿಗೆ ಊರೇ ಯಾರೋ ದೊಡ್ಡವರು ಬರುತ್ತಾರೆ ಅಂತ ಕಾಯುತ್ತದೆ. ಕಾಯಿಸುವವರು ಬೇರೆ, ಕಾಯುವವರು ಬೇರೆ. ನಗು ಹುಟ್ಟುವುದು ಈ ಇಬ್ಬರ ನಡುವಿನ ಜಾಗದಲ್ಲಿ. ದುಃಖ ಹುಟ್ಟುವುದೂ ಅಲ್ಲೇ. ಅದಕ್ಕೇ ಈ ಸಿನಿಮಾಗಳಲ್ಲಿ ಎರಡನ್ನೂ ಬಿಡಿಸಿ ನೋಡಲು ಆಗುವುದಿಲ್ಲ.

ನಮ್ಮೂರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು. ಸುತ್ತಲ ಹಳ್ಳಿಗಳು ಪೂರ್ತಿ ಹೋದವು. ಜನ ಬಾಗಿಲು, ಚೌಕಟ್ಟು, ತೊಲೆ ಬಿಚ್ಚಿಕೊಂಡು ನವನಗರ ಎಂಬ ಹೊಸ ಜಾಗಕ್ಕೆ ಬಂದರು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಅಣೆಕಟ್ಟೆಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಅಂತ ಹೇಳಿದ ಮೇಲೆ ಇನ್ನಷ್ಟು ಊರುಗಳು ಕಾಯಲು ಕೂತವು. ಬಿತ್ತಬೇಕೋ ಬೇಡವೋ, ಮನೆ ಕಟ್ಟಬೇಕೋ ಬೇಡವೋ, ಮಗನ ಮದುವೆ ಈ ಮನೆಯಲ್ಲೋ ಆ ಮನೆಯಲ್ಲೋ. ಪರಿಹಾರ, ಸರ್ವೆ, ಉತಾರ, ನೋಟಿಸ್. ಈ ನಾಲ್ಕು ಮಾತು ನಮ್ಮ ಕಡೆ ಚಿಕ್ಕ ಹುಡುಗರಿಗೂ ಗೊತ್ತು.

ಪಕ್ಕದ ಮನೆಯ ಕಾಕಾ ಇಂಥ ಮುಳುಗಡೆ ಹಳ್ಳಿಯವರು. ಅವರಿಗೆ ನಾನು ತೋರಿಸಿದ್ದು 1953ರ ಸ್ಪೇನ್ ಸಿನಿಮಾ, ಲೂಯಿಸ್ ಗಾರ್ಸಿಯಾ ಬೆರ್ಲಾಂಗಾ ಅವರ ‘ಬನ್ನಿ, ಮಿಸ್ಟರ್ ಮಾರ್ಷಲ್’. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಯುರೋಪಿನ ದೇಶಗಳಿಗೆ ಮಾರ್ಷಲ್ ಯೋಜನೆ ಅಂತ ಕೋಟಿಗಟ್ಟಲೆ ಡಾಲರ್ ನೆರವು ಕೊಟ್ಟಿತು. ಫ್ರಾಂಕೋ ಸರ್ವಾಧಿಕಾರದ ಸ್ಪೇನ್ ಆ ಪಟ್ಟಿಯಲ್ಲಿ ಇರಲಿಲ್ಲ. ಸಿನಿಮಾದಲ್ಲಿ ಇರುವುದು ವಿಯ್ಯಾರ್ ದೆಲ್ ರಿಯೊ ಎಂಬ ಕಲ್ಪನೆಯ ಹಳ್ಳಿ. ಗೋಪುರದ ಗಡಿಯಾರ ನಿಂತುಹೋಗಿದೆ. ಮೇಯರ್‌ಗೆ ಕಿವಿ ಮಂದ. ಒಂದು ದಿನ ಮೇಲಿನ ಅಧಿಕಾರಿ ಬಂದು, ಅಮೆರಿಕದವರು ನಿಮ್ಮೂರಿನ ಮೇಲೆ ಹಾದು ಹೋಗುತ್ತಾರೆ, ಸ್ವಾಗತ ಜೋರಾಗಿರಲಿ ಅನ್ನುತ್ತಾನೆ.

ಮುಂದೆ ನಡೆಯುವುದೆಲ್ಲ ಬೆರ್ಲಾಂಗಾ ಒಬ್ಬರೇ ಕಟ್ಟಬಲ್ಲಂಥದ್ದು. ಅಮೆರಿಕದವರಿಗೆ ಸ್ಪೇನ್ ಅಂದರೆ ದಕ್ಷಿಣದ ಆಂದಲೂಸಿಯಾ, ಅಲ್ಲಿನ ಹಾಡು, ಕುಣಿತ, ಅಗಲ ಅಂಚಿನ ಟೋಪಿ. ಈ ಹಳ್ಳಿ ಇರುವುದು ಕ್ಯಾಸ್ಟೀಲ್ ಸೀಮೆಯಲ್ಲಿ, ಅಲ್ಲಿ ಅದ್ಯಾವುದೂ ಇಲ್ಲ. ಆದರೇನು, ಊರಿಗೆ ಊರೇ ವೇಷ ಹಾಕುತ್ತದೆ. ಮನೆಗಳ ಮುಂದೆ ಸುಳ್ಳು ಗೋಡೆ ನಿಲ್ಲಿಸುತ್ತಾರೆ. ರೈತರು ಟೋಪಿ ಹಾಕಿ ತಾಲೀಮು ಮಾಡುತ್ತಾರೆ. ಆಮೇಲೆ ಎಲ್ಲರೂ ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರೂ ಒಂದೊಂದು ವಸ್ತು ಕೇಳಬಹುದು, ಒಂದೇ ಒಂದು. ಮೇಜಿನ ಮುಂದೆ ಕೂತವರು ಬರೆದುಕೊಳ್ಳುತ್ತಾರೆ. ಆ ರಾತ್ರಿ ರೈತನೊಬ್ಬನ ಕನಸಿನಲ್ಲಿ ವಿಮಾನದಿಂದ ಟ್ರ್ಯಾಕ್ಟರ್ ಇಳಿದು ಬರುತ್ತದೆ, ಪ್ಯಾರಾಚೂಟ್ ಕಟ್ಟಿಕೊಂಡು.

ಮಾರನೇ ದಿನ ಕಾರುಗಳು ಬರುತ್ತವೆ. ಬ್ಯಾಂಡ್ ಬಾರಿಸುತ್ತದೆ. ಧೂಳೆಬ್ಬಿಸಿಕೊಂಡು ಒಂದರ ಹಿಂದೆ ಒಂದು ಕಾರು ಹಾದುಹೋಗುತ್ತದೆ. ಒಂದೂ ನಿಲ್ಲುವುದಿಲ್ಲ.

ಕಾಕಾ ಆ ತನಕ ಒಂದೇ ಸಮ ನಗುತ್ತಿದ್ದರು. ಇಲ್ಲಿ ಸುಮ್ಮನಾದರು. “ತಮ್ಮಾ, ನಾವೂ ಹಿಂಗ ನಿಂತಿದ್ವಿ. ಆರತಿ ತಾಟು ಹಿಡಕೊಂಡು ಹೆಣ್ಮಕ್ಕಳು ಮುಂಜಾನಿಂದ ಬಿಸಲಾಗ ನಿಂತಿದ್ರು. ಗಾಡಿ ನಿಂದರಲಿಲ್ಲ” ಅಂದರು. ಯಾರು ಬಂದಿದ್ದರು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಸಿನಿಮಾ ಅಲ್ಲಿಗೇ ಮುಗಿಯದಿರುವುದು ಬೆರ್ಲಾಂಗಾ ಅವರ ದೊಡ್ಡತನ. ಸ್ವಾಗತದ ಖರ್ಚು ಯಾರು ಕೊಡಬೇಕು? ಊರಿನವರೇ. ಮತ್ತೆ ಅದೇ ಸಾಲು ನಿಲ್ಲುತ್ತದೆ, ಈ ಸಲ ಕೇಳುವುದಕ್ಕಲ್ಲ, ಕೊಡುವುದಕ್ಕೆ. ಒಬ್ಬ ಆಲೂಗಡ್ಡೆ ತಂದಿಡುತ್ತಾನೆ. ಪುರಾತನ ಮನೆತನದ ಬಡ ಜಹಗೀರದಾರ ತನ್ನ ಕತ್ತಿ ಕೊಡುತ್ತಾನೆ. ಅಮೆರಿಕದವರು ಬರುವುದೇ ಬೇಡ ಅಂತ ಮೊದಲಿನಿಂದ ಹಟ ಹಿಡಿದಿದ್ದವನು ಅವನು. ಆದರೂ ಊರಿನ ಸಾಲ ಅಂದಮೇಲೆ ತನ್ನ ಪಾಲು ತರುತ್ತಾನೆ. ಮಳೆ ಸುರಿಯುತ್ತದೆ. ಕಾಗದದ ಅಮೆರಿಕದ ಧ್ವಜ ಗಟಾರದ ನೀರಿನಲ್ಲಿ ತೇಲಿ ಹೋಗುತ್ತದೆ. ಕಾನ್ ಚಿತ್ರೋತ್ಸವದಲ್ಲಿ ಆ ಧ್ವಜದ ದೃಶ್ಯಕ್ಕೆ ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಹಾಲಿವುಡ್ ನಟ ಎಡ್ವರ್ಡ್ ಜಿ. ರಾಬಿನ್ಸನ್ ಸಿಟ್ಟಾದರು. ಆದರೆ ಆ ಸಿನಿಮಾ ಅಮೆರಿಕಕ್ಕಿಂತ ಜಾಸ್ತಿ ತನ್ನ ದೇಶದ ಬಗ್ಗೆಯೇ ಮಾತಾಡುತ್ತಿತ್ತು. ಹಾಡುಗಾರ್ತಿಯೊಬ್ಬಳನ್ನು ಪರಿಚಯಿಸಲು ಹಾಡು ತುಂಬಿದ ಒಂದು ಹಗುರ ಸಿನಿಮಾ ಮಾಡಿಕೊಡಿ ಅಂತ ನಿರ್ಮಾಪಕರು ಕೇಳಿದ್ದರು. ಬೆರ್ಲಾಂಗಾ ಹಾಡುಗಾರ್ತಿಯನ್ನೂ ಇಟ್ಟರು, ಹಾಡನ್ನೂ ಇಟ್ಟರು, ಅದರೊಳಗೇ ಈ ಮಾತನ್ನೂ ಇಟ್ಟರು. ಸರ್ವಾಧಿಕಾರದ ಕಾಲದಲ್ಲಿ ಹಾಗೆ ಮಾಡಲು ಎಷ್ಟು ಜಾಣತನ ಬೇಕು, ಎಷ್ಟು ಧೈರ್ಯ ಬೇಕು, ಅಲ್ವಾ?

ಅವರದೇ 1963ರ ‘ಎಲ್ ವೆರ್ದುಗೊ’, ಅಂದರೆ ಮರಣದಂಡನೆ ಜಾರಿ ಮಾಡುವವನ ಕಥೆ, ಇನ್ನೂ ಗಟ್ಟಿ ಸಿನಿಮಾ. ಹೆಣ ಸಾಗಿಸುವ ಕೆಲಸದ ಯುವಕ, ಮರಣದಂಡನೆ ಜಾರಿ ಮಾಡುವ ಮುದುಕನ ಮಗಳನ್ನು ಮದುವೆಯಾಗುತ್ತಾನೆ. ಸರ್ಕಾರಿ ಮನೆ ಉಳಿಯಬೇಕಾದರೆ ಮಾವನ ಕೆಲಸಕ್ಕೆ ಅಳಿಯ ಸೇರಬೇಕು. ಸೇರುತ್ತಾನೆ, ಕರೆ ಬರದಿದ್ದರೆ ಸಾಕು ಅಂತ ಪ್ರತಿ ದಿನ ಕಾಯುತ್ತಾನೆ. ಕರೆ ಬರುತ್ತದೆ. ದೊಡ್ಡ ಬಿಳಿ ಅಂಗಳದಲ್ಲಿ ಸಾಯಬೇಕಾದವನು ತಾನಾಗಿ ನಡೆದು ಹೋಗುತ್ತಾನೆ, ಕೊಲ್ಲಬೇಕಾದವನನ್ನು ಎಳೆದುಕೊಂಡು ಹೋಗುತ್ತಾರೆ. ಕಾಕಾನಿಗೆ ಇದನ್ನು ನಾನು ತೋರಿಸಿಲ್ಲ. ಅದು ಒಬ್ಬರೇ ಕೂತು ನೋಡಬೇಕಾದ ಸಿನಿಮಾ ಅಂತ ನನಗೆ ಅನ್ನಿಸುತ್ತದೆ.

ಕಾಗದದ ಕಾಟಕ್ಕೆ ಬಂದರೆ ಕ್ಯೂಬಾದ ತೊಮಾಸ್ ಗುತಿಯೆರೆಸ್ ಅಲೆಯಾ ಅವರ ‘ಅಧಿಕಾರಶಾಹಿಯೊಬ್ಬನ ಸಾವು’ (1966) ಮೀರಿಸುವಂಥದ್ದು ನಾನು ನೋಡಿಲ್ಲ. ಒಬ್ಬ ಮಾದರಿ ಕಾರ್ಮಿಕ. ಕ್ಯೂಬಾದ ನಾಯಕ ಹೊಸೆ ಮಾರ್ತಿಯ ಅರೆಮೂರ್ತಿಗಳನ್ನು ಒಂದರ ಮೇಲೊಂದು ಉದುರಿಸುವ ಯಂತ್ರ ಕಂಡುಹಿಡಿದವನು. ಅದೇ ಯಂತ್ರದೊಳಗೆ ಬಿದ್ದು ಸಾಯುತ್ತಾನೆ. ಗೌರವ ಅಂತ ಅವನ ಕಾರ್ಮಿಕ ಕಾರ್ಡನ್ನು ಅವನ ಜೊತೆಗೇ ಮಣ್ಣು ಮಾಡುತ್ತಾರೆ. ಹೆಂಡತಿ ಪಿಂಚಣಿಗೆ ಹೋದರೆ ಗಂಡನ ಕಾರ್ಡ್ ಎಲ್ಲಿ ಅಂತ ಕೇಳುತ್ತಾರೆ. ಅದು ಹೆಣದ ಜೇಬಿನಲ್ಲಿದೆ. ಹೆಣ ತೆಗೆಯಲು ಅಪ್ಪಣೆ ಬೇಕು, ಅಪ್ಪಣೆ ಸಿಗುವುದಿಲ್ಲ. ಸೋದರಳಿಯ ರಾತ್ರಿ ಹೋಗಿ ಅಗೆದು ತೆಗೆಯುತ್ತಾನೆ. ಕಾರ್ಡ್ ಸಿಕ್ಕಿತು. ಈಗ ಹೆಣವನ್ನು ಮತ್ತೆ ಹೂಳಬೇಕಲ್ಲ? ಸ್ಮಶಾನದ ಆಡಳಿತಗಾರ ದಾಖಲೆ ನೋಡುತ್ತಾನೆ. ಈ ಮನುಷ್ಯನನ್ನು ಆಗಲೇ ಹೂಳಿಯಾಗಿದೆ. ಹೂಳಿದವನನ್ನು ಮತ್ತೆ ಹೂಳುವುದು ಹೇಗೆ? ಹೊರತೆಗೆದ ಅಪ್ಪಣೆ ಪತ್ರ ತೋರಿಸು. ಅಷ್ಟು ಹೊತ್ತಿಗೆ ಹೆಣ ಮನೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದೆ, ಛಾವಣಿಯ ಮೇಲೆ ರಣಹದ್ದುಗಳು ಬಂದು ಕೂತಿವೆ.

1959ರ ಕ್ರಾಂತಿ ಆಗಿ ಏಳೇ ವರ್ಷಕ್ಕೆ, ಕ್ರಾಂತಿ ಸರ್ಕಾರದ್ದೇ ಚಲನಚಿತ್ರ ಸಂಸ್ಥೆಯಿಂದ ಈ ಸಿನಿಮಾ ಬಂತು. ಅಲೆಯಾ ಕ್ರಾಂತಿಯ ವಿರೋಧಿ ಅಲ್ಲ. ಕ್ರಾಂತಿಯನ್ನು ನಂಬಿದವರು. ನಂಬಿದ್ದರಿಂದಲೇ ಅದರ ಮೇಜುಗಳ ಮೇಲೆ ಕೂಡುತ್ತಿರುವ ಧೂಳು ಅವರ ಕಣ್ಣಿಗೆ ಬಿತ್ತು. ಮೊದಲಿಗೆ ಬರುವ ಹೆಸರುಗಳನ್ನೂ ಕಚೇರಿಯ ಆದೇಶದ ಹಾಗೆ ಟೈಪ್ ಮಾಡಿ ತೋರಿಸಿದ್ದಾರೆ. ಬುನ್ಯುಯೆಲ್, ಲಾರೆಲ್ ಮತ್ತು ಹಾರ್ಡಿ ಮುಂತಾದ ಸಿನಿಮಾ ಗುರುಗಳಿಗೆ ಅಲ್ಲೇ ನಮಸ್ಕಾರ ಸಲ್ಲುತ್ತದೆ. ಸ್ಮಶಾನದ ಬಾಗಿಲಲ್ಲಿ ಹೂವಿನ ಮಾಲೆ ಹಿಡಿದು ನಡೆಯುವ ಹೊಡೆದಾಟ ನೋಡಿದರೆ ಆ ಗುರುಗಳಿಗೂ ಖುಷಿಯಾಗುತ್ತಿತ್ತು. ತಾನು ಪ್ರೀತಿಸುವುದನ್ನೇ ವಿಡಂಬನೆ ಮಾಡುವವನ ಕೈಯಲ್ಲಿ ವಿಷ ಇರುವುದಿಲ್ಲ. ಬೇವಿನಂತೆ ಕಹಿ ಇರುತ್ತದೆ, ಔಷಧಿಗೆ ಆಗುತ್ತದೆ.

ಚೆಕೊಸ್ಲೊವಾಕಿಯಾದ ಮಿಲೋಶ್ ಫೋರ್ಮನ್ ಮಾಡಿದ ‘ಅಗ್ನಿಶಾಮಕರ ನೃತ್ಯಕೂಟ’ (1967) ಬರೀ 73 ನಿಮಿಷದ್ದು. ಸಣ್ಣ ಪಟ್ಟಣದ ಅಗ್ನಿಶಾಮಕ ದಳದವರು ತಮ್ಮ 86 ವರ್ಷದ ಹಳೆಯ ಅಧ್ಯಕ್ಷರಿಗೆ ಚಿನ್ನದ ಬಣ್ಣದ ಪುಟ್ಟ ಕೊಡಲಿ ಕೊಟ್ಟು ಸನ್ಮಾನ ಮಾಡಬೇಕು. ಅದಕ್ಕೊಂದು ಕೂಟ. ಲಾಟರಿ ಬಹುಮಾನಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದಾರೆ, ಅವು ಒಂದೊಂದಾಗಿ ಮಾಯವಾಗುತ್ತಿವೆ. ಕದ್ದವರು ತಂದಿಡಲಿ, ಮರ್ಯಾದೆ ಉಳಿಯಲಿ ಅಂತ ದೀಪ ಆರಿಸುತ್ತಾರೆ. ದೀಪ ಹತ್ತಿದಾಗ ಉಳಿದದ್ದೂ ಖಾಲಿ. ಕತ್ತಲಲ್ಲಿ ವಾಪಸ್ ಇಡಲು ಹೋಗಿ ಸಿಕ್ಕಿಬೀಳುವವನು ಒಬ್ಬನೇ, ಅವನೂ ಅಗ್ನಿಶಾಮಕ ದಳದವನೇ. ಈ ನಡುವೆ ಊರಲ್ಲಿ ಒಬ್ಬ ಮುದುಕನ ಮನೆಗೆ ಬೆಂಕಿ ಬೀಳುತ್ತದೆ. ಅವನಿಗೆ ಚಳಿಯಾಗಬಾರದು ಅಂತ ಅವನ ಕುರ್ಚಿಯನ್ನು ಅವನದೇ ಮನೆಯ ಬೆಂಕಿಯ ಹತ್ತಿರಕ್ಕೆ ಸರಿಸುತ್ತಾರೆ. ಆಮೇಲೆ ನೆರವು ಅಂತ ಲಾಟರಿ ಟಿಕೆಟ್‌ಗಳನ್ನು ಕೂಡಿಸಿ ಕೊಡುತ್ತಾರೆ. ಬಹುಮಾನಗಳು ಕಳವಾಗಿಹೋದ ಲಾಟರಿಯ ಟಿಕೆಟ್. ಸನ್ಮಾನಕ್ಕಾಗಿ ರಾತ್ರಿಯೆಲ್ಲ ತಾಳ್ಮೆಯಿಂದ ಕಾದ ಹಿರಿಯರು ಕೊನೆಗೆ ಡಬ್ಬಿ ತೆರೆದರೆ ಒಳಗೆ ಕೊಡಲಿಯೇ ಇಲ್ಲ.

ಫೋರ್ಮನ್ ಅದನ್ನು ವ್ರ್‌ಖ್ಲಾಬಿ ಎಂಬ ಪಟ್ಟಣದಲ್ಲಿ, ಅಲ್ಲಿನ ನಿಜವಾದ ಅಗ್ನಿಶಾಮಕರನ್ನೇ ಹಾಕಿಕೊಂಡು ತೆಗೆದರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಸಿನಿಮಾ ನಿಷೇಧವಾಯಿತು, ಫೋರ್ಮನ್ ಅಮೆರಿಕ ಸೇರಿದರು. ಅಲ್ಲಿ ಅವರು ಮಾಡಿದ ದೊಡ್ಡ ಸಿನಿಮಾಗಳಿಗೆ ಆಸ್ಕರ್ ಬಂತು. ನನಗೆ ಈ ಸಣ್ಣದೇ ಜಾಸ್ತಿ ಪ್ರೀತಿ. ಅದರಲ್ಲಿನ ಮುಖಗಳು ನಟರ ಮುಖಗಳಲ್ಲ. ಸಭೆಯಲ್ಲಿ ಮಾತಾಡಲು ಎದ್ದು ನಿಂತು, ಮಾತು ಮರೆತು, ಕೈ ಎಲ್ಲಿ ಇಡಬೇಕು ಅಂತ ತಿಳಿಯದ ಮನುಷ್ಯರ ಮುಖಗಳು. ಗಣೇಶ ಹಬ್ಬದ ಕಮಿಟಿ, ಸೊಸೈಟಿಯ ವಾರ್ಷಿಕ ಸಭೆ ಎಲ್ಲ ನೋಡಿದವರಿಗೆ ಅವರೆಲ್ಲ ಪರಿಚಯದವರೇ.

ಇಲ್ಲಿ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಎಷ್ಟೋ ಕನ್ನಡ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತನ್ನು ನಗಿಸುವುದಕ್ಕೆ ಅಂತಲೇ ಇಟ್ಟುಕೊಂಡಿದ್ದಾರೆ. ಪಾತ್ರ ಬಂದು “ಏನ್ರೀ, ಹ್ಯಾಂಗ ಅದೀರಿ” ಅಂದರೆ ಸಾಕು, ಜನ ನಗಬೇಕು. ಅವನ ಕಷ್ಟ ಏನು, ಆಸೆ ಏನು, ಯಾರಿಗಾಗಿ ಕಾಯುತ್ತಿದ್ದಾನೆ ಅಂತ ಯಾರೂ ಕೇಳುವುದಿಲ್ಲ. ಇದು ನನಗೆ ನೋವು ಕೊಡುತ್ತದೆ. ವೊಲೊಫ್ ಮಾತಾಡುವ ಡಿಯೆಂಗ್‌ನನ್ನು ನೋಡಿ ನಾವು ನಗುವುದು ಅವನ ಮಾತಿನ ಧಾಟಿಗೆ ಅಲ್ಲ. ಅವನಿಗೆ ಒದಗಿದ ಸ್ಥಿತಿಗೆ. ಈ ವ್ಯತ್ಯಾಸ ತಿಳಿದ ನಿರ್ದೇಶಕನಿಗೆ ಮಾತ್ರ ಊರಿನ ಹಾಸ್ಯ ಒಲಿಯುತ್ತದೆ.

ರುಮೇನಿಯಾದ ಕಾರ್ನೆಲಿಯು ಪೊರುಂಬೊಯು ಅವರಿಗೆ ಇದು ತಿಳಿದಿದೆ. ‘ಬುಕಾರೆಸ್ಟ್‌ನ ಪೂರ್ವಕ್ಕೆ 12:08’ (2006) ಅವರ ಮೊದಲ ದೊಡ್ಡ ಸಿನಿಮಾ, ಕಾನ್‌ನಲ್ಲಿ ಹೊಸಬರಿಗೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಪಡೆಯಿತು. 1989ರ ಡಿಸೆಂಬರ್ 22ರಂದು ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ ಸರ್ವಾಧಿಕಾರಿ ಚೌಶೆಸ್ಕು ಓಡಿಹೋದ. ಹದಿನಾರು ವರ್ಷದ ಮೇಲೆ ಒಂದು ಸಣ್ಣ ಊರಿನ ಟಿವಿಯಲ್ಲಿ ಚರ್ಚೆ: ನಮ್ಮೂರಲ್ಲಿ ಕ್ರಾಂತಿ ಆಯಿತೋ ಇಲ್ಲವೋ? ಚೌಕಕ್ಕೆ ಜನ 12:08ರ ಮೊದಲು ಬಂದಿದ್ದರೆ ಕ್ರಾಂತಿ. ಆಮೇಲೆ ಬಂದಿದ್ದರೆ ಬರೀ ಸಂಭ್ರಮ. ಚರ್ಚೆಗೆ ಕೂತವರು ಒಬ್ಬ ಕುಡುಕ ಮೇಷ್ಟ್ರು, ಕ್ರಿಸ್‌ಮಸ್ ತಾತನ ವೇಷ ಹಾಕುವ ಒಬ್ಬ ಮುದುಕ. ಸಿನಿಮಾದ ಅರ್ಧ ಭಾಗ ಇವರಿಬ್ಬರೂ, ಚರ್ಚೆ ನಡೆಸುವವನೂ ಒಂದೇ ಮೇಜಿನ ಹಿಂದೆ ಕೂತಿರುತ್ತಾರೆ. ಮುದುಕ ಕಾಗದ ಮಡಚಿ ದೋಣಿ ಮಾಡುತ್ತಾ ಇರುತ್ತಾನೆ. 12:08ರ ಮೊದಲೇ ಚೌಕದಲ್ಲಿದ್ದೆ ಅನ್ನುವ ಮೇಷ್ಟ್ರನ್ನು ಫೋನ್ ಮಾಡಿದವರಲ್ಲಿ ಬಹಳಷ್ಟು ಜನ ಸುಳ್ಳುಗಾರ ಅನ್ನುತ್ತಾರೆ. ಕೊನೆಗೆ ಒಬ್ಬ ಹೆಂಗಸು ಫೋನ್ ಮಾಡುತ್ತಾಳೆ. ಆ ಡಿಸೆಂಬರ್‌ನಲ್ಲಿ ಅವಳ ಮಗ ಸತ್ತಿದ್ದಾನೆ. ಅವಳು ಯಾರನ್ನೂ ಬಯ್ಯುವುದಿಲ್ಲ. ಹೊರಗೆ ಹಿಮ ಬೀಳುತ್ತಿದೆ, ನೋಡಿ ಸಂತೋಷಪಡಿ, ನಾಳೆ ಕೆಸರಾಗುತ್ತದೆ ಅಂತ ಅಷ್ಟೇ ಹೇಳುತ್ತಾಳೆ. ಅಷ್ಟು ಹೊತ್ತು ನಕ್ಕ ನಗುವೆಲ್ಲ ಆ ಒಂದು ಫೋನಿಗೆ ತಲೆಬಾಗುತ್ತದೆ.

ಯುಗೊಸ್ಲಾವಿಯಾದ ‘ಅಲ್ಲಿ ಹಾಡುತ್ತಿರುವವರು ಯಾರು?’ (1980, ನಿರ್ದೇಶಕ ಸ್ಲೊಬೊದಾನ್ ಶಿಯಾನ್) ನೋಡಿದರೆ ನಮ್ಮ ಕಡೆಯ ಟಂಟಂ, ಟ್ರ್ಯಾಕ್ಸ್ ಪ್ರಯಾಣ ನೆನಪಾಗದೆ ಇರದು. 1941ರ ಏಪ್ರಿಲ್ 5. ಅಪ್ಪ ಮಗ ನಡೆಸುವ ಒಂದು ಮುರುಕು ಬಸ್ಸು ಬೆಲ್‌ಗ್ರೇಡಿಗೆ ಹೊರಟಿದೆ. ಹಂದಿಗಳಿಗೂ ಜಾಗ ಇದೆ. ಒಬ್ಬ ರೈತ ರಸ್ತೆಯನ್ನೇ ಉತ್ತುಬಿಟ್ಟಿದ್ದಾನೆ. ಪ್ರಯಾಣಿಕರು ದಾರಿಯುದ್ದಕ್ಕೂ ಜಗಳಾಡುತ್ತಾರೆ. ಮರುದಿನ ಬೆಳಿಗ್ಗೆ ಊರು ಮುಟ್ಟುವ ಹೊತ್ತಿಗೆ ಜರ್ಮನಿಯ ವಿಮಾನಗಳು ಬಾಂಬ್ ಹಾಕುತ್ತವೆ. ಅದು ಇತಿಹಾಸದಲ್ಲಿ ನಿಜವಾಗಿ ಆದ ದಾಳಿ. ಕಳ್ಳರು ಅಂತ ಎಲ್ಲರೂ ಸೇರಿ ಹೊಡೆಯುತ್ತಿದ್ದ ಇಬ್ಬರು ರೋಮಾ ಹಾಡುಗಾರರು ಮಾತ್ರ ಬದುಕಿ ಹಾಡು ಮುಂದುವರಿಸುತ್ತಾರೆ.

ಕಾಯಲು ಒಪ್ಪದ ಒಬ್ಬನೂ ಈ ಲೋಕದಲ್ಲಿದ್ದಾನೆ. ಎಲ್ದಾರ್ ರಿಯಾಜನೊವ್ ಅವರ ರಷ್ಯನ್ ಸಿನಿಮಾ ‘ಕಾರಿನ ಬಗ್ಗೆ ಎಚ್ಚರ’ (1966). ಅದರ ನಾಯಕ ಡೆಟೊಚ್ಕಿನ್ ವಿಮೆ ಏಜೆಂಟ್. ಲಂಚ, ಕಾಳಸಂತೆಯ ದುಡ್ಡಿನಿಂದ ಕೊಂಡ ಕಾರುಗಳನ್ನು ಕದ್ದು ಮಾರಿ, ಆ ಹಣವನ್ನು ಅನಾಥಾಲಯಗಳಿಗೆ ಕಳಿಸುತ್ತಾನೆ. ಸಂಜೆ ಹವ್ಯಾಸಿ ನಾಟಕದಲ್ಲಿ ಹ್ಯಾಮ್ಲೆಟ್ ಪಾತ್ರ. ಅವನನ್ನು ಹುಡುಕುತ್ತಿರುವ ತನಿಖಾಧಿಕಾರಿಯೂ ಅದೇ ನಾಟಕದಲ್ಲಿ ಇದ್ದಾನೆ. ಡೆಟೊಚ್ಕಿನ್ ಪಾತ್ರ ಮಾಡಿದ ಇನ್ನೊಕೆಂತಿ ಸ್ಮೊಕ್ತುನೊವ್‌ಸ್ಕಿ ಅದಕ್ಕೆ ಎರಡು ವರ್ಷ ಮೊದಲು ನಿಜವಾದ ‘ಹ್ಯಾಮ್ಲೆಟ್’ ಸಿನಿಮಾದ ನಾಯಕ. ಜಾತ್ರೆಯ ರಾತ್ರಿ ಸಾಲ ಕೊಟ್ಟವನೂ ಸಾಲಗಾರನೂ ಒಂದೇ ರಂಗದ ಮೇಲೆ ಬಣ್ಣ ಹಚ್ಚಿ ನಿಲ್ಲುವ ನಮ್ಮ ಹಳ್ಳಿಗಳಲ್ಲಿ ಈ ಕಥೆಗೆ ಬೇರೆಯದೇ ರುಚಿ ಬರುತ್ತದೆ.

ಹಾಗೆ ನೋಡಿದರೆ ಕಾಯುವ ಹಾಸ್ಯ ನಮಗೆ ಹೊಸದಲ್ಲ. ಬಾಗಲಕೋಟೆ, ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತವೇ ಕಾಯುವವಳ ಆಟ. ಹೂವು ರುಕ್ಮಿಣಿಗೆ ಹೋಯಿತು ಅಂತ ಮುನಿದ ಸತ್ಯಭಾಮೆ ಕೃಷ್ಣನಿಗಾಗಿ ರಾತ್ರಿಯೆಲ್ಲ ಕಾಯುತ್ತಾಳೆ. ಆ ಹೊತ್ತನ್ನು ತುಂಬುವವಳು ದೂತಿ. ಆಡುಮಾತಿನಲ್ಲಿ ಭಾಗವತನ ಕಾಲೆಳೆಯುತ್ತಾಳೆ, ದೇವರನ್ನೂ ಬಿಡುವುದಿಲ್ಲ, ಮುಂದೆ ಕೂತ ಗೌಡರನ್ನೂ ಬಿಡುವುದಿಲ್ಲ. ಕುಲಗೋಡ ತಮ್ಮಣ್ಣನ ಕಾಲದಿಂದ ನಡೆದು ಬಂದ ಆಟ ಅದು. ವಿಡಂಬನೆಯ ಪಾಠ ನಮಗೆ ಪ್ಯಾರಿಸ್ಸಿನಿಂದ ಬರಬೇಕಾಗಿಲ್ಲ.

ಕನ್ನಡದಲ್ಲಿ ಒಳ್ಳೆಯ ಕೆಲಸ ಆಗಿಯೂ ಇದೆ. ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯ ಕಡೆಯ ಹಳ್ಳಿಯಲ್ಲಿ, ಅಲ್ಲಿನ ಜನರನ್ನೇ ಇಟ್ಟುಕೊಂಡು ಮಾಡಿದ್ದು. ಅಜ್ಜನ ಹೆಸರಿನ ಜಮೀನು ಮಾರಲು ಮೊಮ್ಮಗ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ. ಕ್ಯೂಬಾದ ಆ ಹೆಣಕ್ಕೂ ಮಂಡ್ಯದ ಈ ಗಡ್ಡಪ್ಪನಿಗೂ ಎಷ್ಟು ಹತ್ತಿರದ ನಂಟು! ಅನಂತ್ ನಾಗ್ ಅಭಿನಯದ ‘ಉದ್ಭವ’ (1990) ರಸ್ತೆ ಅಗಲ ಮಾಡುವ ವಿಷಯಕ್ಕೆ ಹುಟ್ಟಿಕೊಂಡ ಗಣಪತಿಯ ಕಥೆ. ಈಗ ನೋಡಿದರೂ ಹಳತಾಗಿಲ್ಲ. ಬೆಳಗಾವಿ ಕಡೆಯವರು ಮರಾಠಿಯ ‘ವಳು’ (2008) ಖಂಡಿತ ನೋಡಬೇಕು. ಊರ ಗೂಳಿಯನ್ನು ಹಿಡಿಯಲು ಅರಣ್ಯ ಅಧಿಕಾರಿ ಬರುವ ಕಥೆ, ಉಮೇಶ್ ಕುಲಕರ್ಣಿ ಅವರದು.

ಹೊಸದಾಗಿ ನೋಡುವವರು ಬೆರ್ಲಾಂಗಾನಿಂದ ಶುರು ಮಾಡಿ. ಆಮೇಲೆ ಫೋರ್ಮನ್. ‘ಮಂಡಾಬಿ’ಯನ್ನು ಮಾತ್ರ ಮನೆಯ ಹಿರಿಯರ ಜೊತೆ ಕೂತು, ಅವರಿಗೆ ಮಾತು ತಿಳಿಸುತ್ತಾ ನೋಡಿ. ಸ್ವಲ್ಪ ನಿಧಾನವಾಗುತ್ತದೆ, ಆಗಲಿ. ನಡುನಡುವೆ ನಿಲ್ಲಿಸಿ ಅವರು ಹೇಳುವ ಕಥೆಗಳೂ ಆ ಸಿನಿಮಾದ್ದೇ ಭಾಗ ಅಂತ ತಿಳಿಯಿರಿ.

ನನಗೆ ನೋಡಬೇಕು ಅನ್ನಿಸುವ ಇನ್ನೊಂದು ಸಿನಿಮಾ ಇದೆ. ಮುಳುಗಡೆಯ ಹಾಸ್ಯ ಸಿನಿಮಾ. ಮುಳುಗಡೆ ಅಂದ ಕೂಡಲೇ ಜನ ಅಳುವ ಸಿನಿಮಾ ನೆನೆಯುತ್ತಾರೆ. ಆದರೆ ಕಾಕಾ ಹೇಳುವ ಕಥೆಗಳಲ್ಲಿ ಕಣ್ಣೀರಿಗಿಂತ ನಗು ಜಾಸ್ತಿ. ಅವರ ಹಳ್ಳಿಯಲ್ಲಿ ಪರಿಹಾರಕ್ಕಾಗಿ ಗಿಡ ಎಣಿಸಲು ಸರ್ವೆಯವರು ಬಂದಿದ್ದರಂತೆ. ಬೇವು ಎಷ್ಟು, ಮಾವು ಎಷ್ಟು, ಹುಣಸೆ ಎಷ್ಟು. ಇಬ್ಬರು ಅಣ್ಣತಮ್ಮಂದಿರ ಹೊಲದ ಬದುವಿನ ಮೇಲೆ ಒಂದು ಹುಣಸೆ ಗಿಡ. ಇಬ್ಬರಿಗೂ ಬಹಳ ವರ್ಷದಿಂದ ಮಾತಿಲ್ಲ. ಗಿಡ ಯಾರದು ಅಂತ ಬರೆಯಬೇಕು. ಅಣ್ಣ ಬೊಡ್ಡೆ ತನ್ನ ಕಡೆ ಇದೆ ಅನ್ನುತ್ತಾನೆ. ತಮ್ಮ ಕಾಯಿ ತನ್ನ ಕಡೆ ಉದುರುತ್ತವೆ ಅನ್ನುತ್ತಾನೆ. ಕೊನೆಗೆ ಇಬ್ಬರೂ ಸೇರಿ ಸಹಿ ಹಾಕಿದರೆ ಮಾತ್ರ ದುಡ್ಡು ಅಂದಾಗ, ಒಂದೇ ಪೆನ್ನಿಗೆ ಇಬ್ಬರೂ ಕೈ ಚಾಚಿದರಂತೆ. “ಆ ಗಿಡ ಬದುಕಿದ್ದಾಗ ಒಂದು ಮಾತಾಡಲಿಲ್ಲ ಮಕ್ಕಳು, ಅದು ಮುಳುಗಾಕ ಹೊಂಟಾಗ ಮಾತಾಡಿದ್ರು” ಅಂತ ಕಾಕಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಸಿನಿಮಾ ಆ ಹುಣಸೆ ಗಿಡದಿಂದಲೇ ಶುರುವಾಗಬೇಕು ಅಂತ ನನ್ನ ಆಸೆ. ನಟರು ಇಲ್ಲಿನವರೇ ಆಗಲಿ, ಮಾತು ಇಲ್ಲಿನದೇ ಆಗಲಿ, ಯಾರಿಗೂ ಅರ್ಥವಾಗಲಿ ಅಂತ ತೊಳೆದು ಬಿಳುಪು ಮಾಡುವುದು ಬೇಡ. ಬರೆಯುವ ಹುಡುಗ ಹುಡುಗಿಯರು ಯಾರಾದರೂ ಇದ್ದರೆ ನವನಗರಕ್ಕೆ ಬನ್ನಿ. ಕಾಕಾ ಸಂಜೆ ಐದರ ಮೇಲೆ ಕಟ್ಟೆಯ ಮೇಲೆ ಸಿಗುತ್ತಾರೆ. ಇಂಥ ಗಿಡಗಳ ಕಥೆ ಅವರ ಹತ್ತಿರ ಇನ್ನೂ ಬಹಳ ಇವೆ.